ರೈಲು ಓಡುತ್ತದೆ, ರಸ್ತೆ ನಿಂತಿರುತ್ತದೆ

(ಮಾದರಿ ರೈಲು ಹವ್ಯಾಸಿಗಳ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮೇಜಿನ ಮೇಲಿಟ್ಟು ತೋರಿಸಿದ ವಾಹನಗಳನ್ನು ಓದುಗರು ಕಾಣಲಾರರಾದ್ದರಿಂದ ಅಲ್ಲಲ್ಲಿ ಕೆಲವು ವಿವರಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಎಂಜಿನ್ನುಗಳ ಬಗ್ಗೆ ಕೇಳಬಹುದೆಂದು ಬಂದವರೇ ಇಲ್ಲಿ ಹೆಚ್ಚಿರಬಹುದು. ಇಂದು ನಾನು ಹಳಿಯ ಮೇಲಿರುವುದನ್ನೆಲ್ಲ ಬಿಟ್ಟು, ನಿಲ್ದಾಣದ ಹೊರಗೆ ನಿಂತಿರುವ ಕಾರು, ಲಾರಿ, ಬಸ್ಸುಗಳ ಬಗ್ಗೆ ಮಾತನಾಡುತ್ತೇನೆ. ಈ ವಿಷಯಕ್ಕೆ ನಮ್ಮ ಹವ್ಯಾಸದಲ್ಲಿ ಸಲ್ಲಬೇಕಾದ ಮರ್ಯಾದೆ ಸಂದಿಲ್ಲ. ಬಾಯ್ಲರಿನ ಮೇಲಿನ ಚಿಮಣಿ ಒಂದು ಮಿಲಿಮೀಟರ್ ಗಿಡ್ಡವಾಯಿತೆಂದು ತಿಂಗಳುಗಟ್ಟಲೆ ವಾದ ಮಾಡುವ ಮನುಷ್ಯನೇ, ಕೊನೆಗೆ ನಿಲ್ದಾಣದ ಮುಂದಿನ ಖಾಲಿ ಜಾಗಕ್ಕೆ ಮೊಮ್ಮಗನ ಆಟಿಕೆ ಡಬ್ಬಿಯಿಂದ ಒಂದು ಕೆಂಪು ಸ್ಪೋರ್ಟ್ಸ್ ಕಾರನ್ನು ತಂದು ನಿಲ್ಲಿಸುತ್ತಾನೆ. ಅಲ್ಲಿಗೆ ಇಡೀ ಊರು ಸುಳ್ಳಾಗುತ್ತದೆ.

ಏಕೆ ಸುಳ್ಳಾಗುತ್ತದೆ ಎಂಬುದನ್ನು ಒಂದು ಎಂಜಿನ್ನಿನ ಮೂಲಕವೇ ಹೇಳುತ್ತೇನೆ. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ 5700 ವರ್ಗದ ಪ್ಯಾನಿಯರ್ ಟ್ಯಾಂಕ್ ಎಂಜಿನ್ನುಗಳು (ಬಾಯ್ಲರಿನ ಇಬ್ಬದಿಗೂ ನೀರಿನ ತೊಟ್ಟಿ ಹೊತ್ತ ಉಗಿ ಎಂಜಿನ್ನುಗಳು) 1929ರಿಂದ 1950ರವರೆಗೆ ತಯಾರಾದವು, ಒಟ್ಟು 863. ಅವುಗಳಲ್ಲಿ ಕೆಲವನ್ನು ಲಂಡನ್ ಟ್ರಾನ್ಸ್‌ಪೋರ್ಟ್ ಕೊಂಡುಕೊಂಡು 1971ರವರೆಗೂ ಓಡಿಸಿತು. ಅಂದರೆ ಒಂದೇ ಆಕಾರದ ಎಂಜಿನ್ ನಲವತ್ತೆರಡು ವರ್ಷ ಕಣ್ಣಿಗೆ ಬೀಳುತ್ತಲೇ ಇತ್ತು. ಬಣ್ಣ ನೋಡಿ ರಾಷ್ಟ್ರೀಕರಣದ ಮೊದಲೋ ನಂತರವೋ ಎಂದು ಅಂದಾಜು ಮಾಡಬಹುದು, ಅಷ್ಟೆ. ನಿಲ್ದಾಣದ ಕಟ್ಟಡವಂತೂ ವಿಕ್ಟೋರಿಯಾ ರಾಣಿಯ ಕಾಲದ್ದು. ಅದರಿಂದ ಏನೂ ತಿಳಿಯುವುದಿಲ್ಲ. ಆದರೆ ಅಂಗಳದಲ್ಲಿ ಒಂದು ಮಿನಿ ಕಾರು ನಿಂತಿದ್ದರೆ ಆ ದೃಶ್ಯ 1959ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಫೋರ್ಡ್ ಟ್ರಾನ್ಸಿಟ್ ವ್ಯಾನ್ ಇದ್ದರೆ 1965ಕ್ಕಿಂತ ಹಿಂದಿನದಲ್ಲ. ಉತ್ಖನನದಲ್ಲಿ ಸಿಕ್ಕ ಪದರಗಳ ಕಾಲವನ್ನು ಅದರಲ್ಲಿರುವ ಅತಿ ಹೊಸ ನಾಣ್ಯ ನಿರ್ಧರಿಸುತ್ತದೆಯಲ್ಲವೇ, ಹಾಗೆ ನಿಮ್ಮ ಊರಿನ ಕಾಲವನ್ನು ನಿರ್ಧರಿಸುವುದು ಅದರಲ್ಲಿರುವ ಅತಿ ಹೊಸ ಕಾರು. ನೋಡುವವರಿಗೆ ಎಂಜಿನ್ನಿನ ಇತಿಹಾಸ ಗೊತ್ತಿರದಿರಬಹುದು. ತಮ್ಮ ಅಪ್ಪ ಓಡಿಸುತ್ತಿದ್ದ ಕಾರು ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ.

ಹಾಗಾಗಿ ಇಂದಿನ ನನ್ನ ಮಾತಿನ ಹುರುಳು ಇಷ್ಟು: ಲೇಔಟಿಗಾಗಿ, ಅಂದರೆ ಹಳಿ, ನಿಲ್ದಾಣ, ಊರು ಎಲ್ಲ ಸೇರಿದ ನಮ್ಮ ಮಾದರಿ ದೃಶ್ಯಕ್ಕಾಗಿ, ವಾಹನ ಕೊಳ್ಳುವುದು ಬೇರೆ, ವಾಹನಗಳನ್ನು ಸಂಗ್ರಹಿಸುವುದು ಬೇರೆ. ಸಂಗ್ರಾಹಕನಿಗೆ ಅಪರೂಪದ್ದು ಬೇಕು, ಪೆಟ್ಟಿಗೆ ಬೇಕು, ಹೊಳಪು ಬೇಕು, ಸರಣಿಯಲ್ಲಿ ಒಂದೂ ತಪ್ಪಬಾರದು. ಲೇಔಟಿಗೆ ಬೇಕಾದದ್ದು ಅತಿ ಸಾಮಾನ್ಯವಾದದ್ದು, ಮಾಸಿದ್ದು, ಮತ್ತು ಕೆಲವೇ ಕೆಲವು.

ವಿಚಿತ್ರವೆಂದರೆ, ಆಟಿಕೆ ಕಾರು ಹುಟ್ಟಿದ್ದೇ ರೈಲಿನ ಸೇವೆಗಾಗಿ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಮೆಕ್ಯಾನೊ ಜೋಡಣೆ ಆಟಿಕೆಯಿಂದ ಹೆಸರು ಮಾಡಿ, ನಂತರ ಓ ಗೇಜ್ ಎಂಬ ದೊಡ್ಡ ಅಳತೆಯ ತಗಡಿನ ರೈಲುಗಳನ್ನು ಮಾರುತ್ತಿದ್ದವನು. ರೈಲು ಕೊಂಡ ಮಗುವಿಗೆ ನಿಲ್ದಾಣ ಬೇಕು, ನಿಲ್ದಾಣಕ್ಕೆ ಜನ ಬೇಕು, ಜನ ಬಂದ ಮೇಲೆ ವಾಹನ ಬೇಕು. ಹೀಗೆ 1933ರ ಕೊನೆಗೆ ‘ಮಾಡೆಲ್ಡ್ ಮಿನಿಯೇಚರ್ಸ್’ ಎಂಬ ಹೆಸರಿನಲ್ಲಿ ಆರು ವಾಹನಗಳು ಬಂದವು: ಎರಡು ಕಾರು, ಒಂದು ಲಾರಿ, ಒಂದು ವ್ಯಾನ್, ಒಂದು ಟ್ರ್ಯಾಕ್ಟರ್, ಒಂದು ಯುದ್ಧ ಟ್ಯಾಂಕ್. ಹಳ್ಳಿ ನಿಲ್ದಾಣದ ಮುಂದೆ ಯುದ್ಧ ಟ್ಯಾಂಕಿಗೇನು ಕೆಲಸವೆಂದು ಕೇಳಬೇಡಿ. ಮಕ್ಕಳ ಮನಸ್ಸು ಹಾರ್ನ್‌ಬಿಗೆ ತಿಳಿದಿತ್ತು. 1934ರಲ್ಲಿ ಅವುಗಳ ಹೆಸರು ಡಿಂಕಿ ಟಾಯ್ಸ್ ಎಂದಾಯಿತು. ಕೆಲವೇ ವರ್ಷಗಳಲ್ಲಿ ಜೊತೆಗೆ ಬಂದ ನೆಂಟನೇ ಮನೆ ಯಜಮಾನನಾದ. ರೈಲೇ ಇಲ್ಲದ ಮನೆಗಳಿಗೂ ಡಿಂಕಿ ಹೋಯಿತು.

ಈ ಸಂಬಂಧದ ಗುರುತು ಇಂದಿಗೂ ಉಳಿದಿದೆ. ಜಗತ್ತಿನಾದ್ಯಂತ ಕಾರು ಸಂಗ್ರಾಹಕರು 1:43 ಎಂಬ ಅಳತೆಯನ್ನು ಬಳಸುತ್ತಾರೆ. ಇಷ್ಟೊಂದು ಅಂಕಿಗಳಿರುವಾಗ 43 ಏಕೆ? ಬ್ರಿಟಿಷ್ ಓ ಗೇಜಿನಲ್ಲಿ ನಿಜವಾದ ಒಂದು ಅಡಿಗೆ 7 ಮಿ.ಮೀ. ಲೆಕ್ಕ, ಭಾಗಿಸಿದರೆ ಬರುವುದು 43.5. ಮನೆಯಲ್ಲಿ ಒಂದು ಹಳಿಯ ತುಂಡೂ ಇಲ್ಲದ ಫೆರಾರಿ ಸಂಗ್ರಾಹಕ ಕೂಡ ತಿಳಿಯದೆಯೇ ಹಳೆಯ ರೈಲಿನ ಅಳತೆಯನ್ನು ಪಾಲಿಸುತ್ತಿದ್ದಾನೆ.

ಆದರೆ ಇಲ್ಲಿ ಕುಳಿತ ಬಹುಪಾಲು ಜನರಿಗೆ ಓ ಗೇಜ್ ಇಡುವಷ್ಟು ಜಾಗವಿಲ್ಲ, ನನಗೂ ಇಲ್ಲ. ನಮ್ಮದು ಎಚ್‌ಓ ಅಥವಾ ಓಓ. ಇವೆರಡರ ಗೊಂದಲವನ್ನು ಬಿಡಿಸಿಕೊಳ್ಳದೆ ಒಂದೇ ಒಂದು ಕಾರನ್ನೂ ಕೊಳ್ಳಬೇಡಿ.

ಎರಡಕ್ಕೂ ಹಳಿ ಒಂದೇ, 16.5 ಮಿ.ಮೀ. ಅಗಲ. ಯುರೋಪು, ಅಮೆರಿಕಗಳ ಎಚ್‌ಓದಲ್ಲಿ ಒಂದು ಅಡಿಗೆ 3.5 ಮಿ.ಮೀ., ಅಂದರೆ 1:87. ಬ್ರಿಟನ್ನಿನ ಓಓದಲ್ಲಿ ಒಂದು ಅಡಿಗೆ 4 ಮಿ.ಮೀ., ಅಂದರೆ 1:76. ಬ್ರಿಟನ್ನಿನ ಸುರಂಗಗಳೂ ಸೇತುವೆಗಳೂ ರೈಲು ಯುಗದ ಆರಂಭದಲ್ಲೇ ಕಟ್ಟಿದವಾದ್ದರಿಂದ ಇಕ್ಕಟ್ಟು. ಅವುಗಳಲ್ಲಿ ನುಸುಳಬೇಕಾದ ಎಂಜಿನ್ನುಗಳೂ ಯುರೋಪಿನವಕ್ಕಿಂತ ಸಣಕಲು. 1920ರ ದಶಕದ ವಿದ್ಯುತ್ ಮೋಟಾರು 3.5 ಮಿ.ಮೀ. ಲೆಕ್ಕದ ಬ್ರಿಟಿಷ್ ಎಂಜಿನ್ನಿನ ಹೊಟ್ಟೆಯೊಳಗೆ ಹಿಡಿಯಲಿಲ್ಲ. ಹಳಿಯನ್ನು ಹಾಗೇ ಇಟ್ಟು ಎಂಜಿನ್ನನ್ನು ಉಬ್ಬಿಸಿದರು. ನಿಜವಾದ 1435 ಮಿ.ಮೀ. ಗೇಜಿಗೆ 4 ಮಿ.ಮೀ. ಲೆಕ್ಕದಲ್ಲಿ 18.83 ಮಿ.ಮೀ. ಹಳಿ ಇರಬೇಕಿತ್ತು, ಇರುವುದು 16.5. ಮೋಟಾರು ಚಿಕ್ಕದಾಗಿ ದಶಕಗಳಾದವು, ರಾಜಿ ಮಾತ್ರ ಹಾಗೆಯೇ ಉಳಿದಿದೆ. 18.83ರ ಹಳಿಯನ್ನೇ ಹಾಸುವ ಹಠಮಾರಿಗಳು ಬ್ರಿಟನ್ನಿನಲ್ಲಿದ್ದಾರೆ. ಅವರಿಗೆ ನನ್ನ ನಮಸ್ಕಾರ. ಅವರ ದಾರಿ ನನಗೆ ಬೇಡ.

ರಸ್ತೆಯ ವಾಹನಕ್ಕೆ ಇಂಥ ರಾಜಿಯ ಹಂಗಿಲ್ಲ. ಕಾರು ಹಳಿಯ ಮೇಲೆ ಕೂರುವುದಿಲ್ಲವಾದ್ದರಿಂದ ಅದು ಬೋಗಿಯ ಅಳತೆಗೆ ಹೊಂದಬೇಕು, ಹಳಿಯ ಅಳತೆಗಲ್ಲ. ಲಂಡನ್ನಿನ ರೂಟ್‌ಮಾಸ್ಟರ್ ಬಸ್ಸು 27 ಅಡಿ 6 ಅಂಗುಲ ಉದ್ದ: ಓಓದಲ್ಲಿ 110 ಮಿ.ಮೀ., ಎಚ್‌ಓದಲ್ಲಿ 96. ಹದಿನಾಲ್ಕು ಮಿಲಿಮೀಟರಿನ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದು, ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ದೊಡ್ಡದು. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ಅಳತೆ ಬರೆದಿರದಿದ್ದರೆ ನಾನು ಮಾಡುವುದು ಇಷ್ಟೆ: ಜೇಬಿನಲ್ಲಿ ಲೇಔಟಿನದೇ ಒಬ್ಬ ಪ್ರಯಾಣಿಕನನ್ನು ಇಟ್ಟುಕೊಂಡು ಹೋಗಿ, ಕಾರಿನ ಬಾಗಿಲ ಪಕ್ಕ ನಿಲ್ಲಿಸುತ್ತೇನೆ. ಐದೂವರೆ ಅಡಿಯ ಮನುಷ್ಯ ಓಓದಲ್ಲಿ 22 ಮಿ.ಮೀ. ಎತ್ತರ, ಸಾಮಾನ್ಯ ಕಾರಿನ ಛಾವಣಿ ಅವನ ಗದ್ದ ಮುಟ್ಟಬೇಕು. ಹಣೆ ದಾಟಿತೆಂದರೆ ಆ ಕಾರು ನಿಮ್ಮದಲ್ಲ.

ಈ ಪರೀಕ್ಷೆಯಲ್ಲಿ ಸೋಲುವವರಲ್ಲಿ ಮೊದಲಿಗರು ಎಲ್ಲರ ಮೆಚ್ಚಿನ ಮ್ಯಾಚ್‌ಬಾಕ್ಸ್ ಕಾರುಗಳು. ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್ ತನ್ನ ಮಗಳಿಗಾಗಿ ಬೆಂಕಿಪೆಟ್ಟಿಗೆಯಲ್ಲಿ ಹಿಡಿಸುವ ಹಿತ್ತಾಳೆಯ ರೋಡ್ ರೋಲರ್ ಮಾಡಿಕೊಟ್ಟ ಕಥೆ ನಿಮಗೆ ಗೊತ್ತಿರಬಹುದು. ಪೆಟ್ಟಿಗೆಗಿಂತ ದೊಡ್ಡ ಆಟಿಕೆ ತರಬಾರದೆಂದು ಅವಳ ಶಾಲೆಯ ನಿಯಮವಿತ್ತಂತೆ. 1953ರಲ್ಲಿ ಸರಣಿ ಮಾರುಕಟ್ಟೆಗೆ ಬಂದಾಗ ಆ ನಿಯಮವೇ ವ್ಯಾಪಾರದ ಸೂತ್ರವಾಯಿತು. ಎಲ್ಲವೂ ಒಂದೇ ಗಾತ್ರದ ಪೆಟ್ಟಿಗೆಯಲ್ಲಿ ಕೂರಬೇಕು. ಪರಿಣಾಮವಾಗಿ ಐದನೆಯ ನಂಬರಿನ ಲಂಡನ್ ಬಸ್ಸೂ ನಲವತ್ತಾರನೆಯ ನಂಬರಿನ ಮಾರಿಸ್ ಮೈನರ್ ಕಾರೂ ಹೆಚ್ಚು ಕಡಿಮೆ ಒಂದೇ ಉದ್ದ, ಎರಡು ಅಂಗುಲದ ಆಸುಪಾಸು! ಬಸ್ಸು ನಿಜವಾದ ಓಓ ಬಸ್ಸಿನ ಅರ್ಧಕ್ಕೆ ಕುಗ್ಗಿದೆ. ಆದರೆ ಆ ಮಾರಿಸ್ ಮೈನರನ್ನು ಅಳೆದು ನೋಡಿ: ಅದು ಓಓ ಅಳತೆಗೆ ಬಹುತೇಕ ಸರಿಯಾಗಿದೆ. ಅದಕ್ಕೇ ಹಳೆಯ ಮ್ಯಾಚ್‌ಬಾಕ್ಸನ್ನು ಸಾರಾಸಗಟಾಗಿ ತಿರಸ್ಕರಿಸಬೇಡಿ. ಬಣ್ಣ ಕಿತ್ತುಹೋಗಿ, ಪೆಟ್ಟಿಗೆ ಕಳೆದು, ಸಂಗ್ರಾಹಕ ಮೂಸಿಯೂ ನೋಡದ 1950ರ ದಶಕದ ಚಿಕ್ಕ ಕಾರುಗಳು ನಮ್ಮಂಥವರಿಗೆ ಚಿನ್ನ. ಬಸ್ಸು, ಲಾರಿಗಳನ್ನು ಮಾತ್ರ ಮಕ್ಕಳಿಗೆ ಬಿಟ್ಟುಬಿಡಿ.

ಹಾರ್ನ್‌ಬಿ ಕಂಪನಿ 1938ರಲ್ಲಿ ಡಬ್ಲೊ ಎಂಬ ಹೆಸರಿನಲ್ಲಿ ಓಓ ರೈಲುಗಳನ್ನು ತಂದಿತು. ಅವುಗಳಿಗೆ ತಕ್ಕ ವಾಹನಗಳು ಬರಲು 1957ರವರೆಗೆ ಕಾಯಬೇಕಾಯಿತು. ಡಬ್ಲೊ ಡಿಂಕಿ ಎಂದು ಕರೆದ ಆ ಸರಣಿಯಲ್ಲಿ ಫೋರ್ಡ್ ಪ್ರಿಫೆಕ್ಟ್ ಕಾರು, ರಾಯಲ್ ಮೇಲ್ ವ್ಯಾನ್, ಎಇಸಿ ಟ್ಯಾಂಕರ್ ಲಾರಿ, ಫರ್ಗುಸನ್ ಟ್ರ್ಯಾಕ್ಟರ್, ಟ್ಯಾಕ್ಸಿ ಇತ್ಯಾದಿ ಇದ್ದವು. ಪಟ್ಟಿಯನ್ನು ಗಮನಿಸಿ: ಒಂದು ಸಿಂಗರ್ ರೋಡ್‌ಸ್ಟರ್ ಬಿಟ್ಟರೆ ಸ್ಪೋರ್ಟ್ಸ್ ಕಾರಿಲ್ಲ, ಒಂದೂ ಅಗ್ನಿಶಾಮಕ ವಾಹನ ಇಲ್ಲ. ಹೆಚ್ಚಿನವು ನಿಲ್ದಾಣಕ್ಕೆ ನಿಜವಾಗಿ ಬರುವ ವಾಹನಗಳೇ. ಯಾರೋ ತಿಳಿದವರು ಕುಳಿತು ಆರಿಸಿದ್ದಾರೆ. ಸರಣಿ ಹೆಚ್ಚು ಕಾಲ ಬಾಳಲಿಲ್ಲ. ಆಮೇಲೆ ಓಓ ಹವ್ಯಾಸಿಗಳು ಬಹಳ ವರ್ಷ ಬಿಳಿ ಲೋಹದ ಕಿಟ್‌ಗಳನ್ನು ಅಂಟಿಸಿಕೊಂಡು ಕಾಲ ತಳ್ಳಿದರು.

1989ರಲ್ಲಿ ಎಕ್ಸ್‌ಕ್ಲೂಸಿವ್ ಫಸ್ಟ್ ಎಡಿಷನ್ಸ್, ಅಂದರೆ ಇಎಫ್‌ಇ, 1:76ರ ಬಸ್ಸುಗಳನ್ನು ತಂದಾಗ ಪರಿಸ್ಥಿತಿ ಬದಲಾಯಿತು. 1994ರಲ್ಲಿ ಕಾರ್ಗಿ ಕಂಪನಿಯ ಒರಿಜಿನಲ್ ಆಮ್ನಿಬಸ್ ಸರಣಿ ಬಂತು. ಓಡೆಲ್ ತನ್ನ ಹೆಸರನ್ನೇ ತಿರುಗಿಸಿ ಕಟ್ಟಿದ ಲ್ಲೆಡೊ ಕಂಪನಿಯ ಬಳುವಳಿಯಿಂದ ಟ್ರ್ಯಾಕ್‌ಸೈಡ್ ಎಂಬ ಲಾರಿ ಸರಣಿ ಬಂತು. ಆಮೇಲೆ ಬಂದ ಆಕ್ಸ್‌ಫರ್ಡ್ ಡೈಕಾಸ್ಟ್ ಇಂದು ಈ ಅಳತೆಯ ರಾಜ. ವೇಲ್ಸಿನ ಸ್ವಾನ್ಸಿಯ ಕಂಪನಿ, ತಯಾರಿ ಚೀನಾದಲ್ಲಿ. ಅದರ ನಂಬರಿನ ಕ್ರಮವನ್ನು ತಿಳಿದುಕೊಂಡರೆ ನಿಮಗೆ ಬಹಳ ಅನುಕೂಲ: ಮೊದಲು 76 ಎಂಬ ಅಳತೆ, ನಂತರ ಯಾವ ವಾಹನವೆಂದು ತಿಳಿಸುವ ಅಕ್ಷರಗಳು, ಕೊನೆಗೆ 001, 002 ಎಂದು ಬಣ್ಣದ ಕ್ರಮಸಂಖ್ಯೆ.

ಆ ಕೊನೆಯ ಅಂಕಿಯಲ್ಲೇ ವ್ಯಾಪಾರದ ಗುಟ್ಟಿದೆ. ಡೈಕಾಸ್ಟ್ ಎಂದರೆ ಕರಗಿದ ಸತುವಿನ ಮಿಶ್ರಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ತುಂಬಿಸುವುದು. ಲೋಹ ಅಗ್ಗ; ದುಬಾರಿಯಾದದ್ದು ಅಚ್ಚು. ಒಮ್ಮೆ ಅಚ್ಚು ಕೊರೆದ ಮೇಲೆ ಅದರಿಂದ ಸಾವಿರಾರು ಒಡಲುಗಳನ್ನು ತೆಗೆಯಲೇಬೇಕು. ಒಂದೇ ಕಪ್ಪು ಕಾರನ್ನು ಅಷ್ಟು ಜನ ಮತ್ತೆ ಮತ್ತೆ ಕೊಳ್ಳುವುದಿಲ್ಲ. ಆದ್ದರಿಂದ ಅದೇ ವ್ಯಾನ್ ಬ್ರೆಡ್ಡಿನ ಕಂಪನಿಯದಾಗಿ, ಅಂಚೆಯದಾಗಿ, ಸರ್ಕಸ್ಸಿನದಾಗಿ, ಐಸ್‌ಕ್ರೀಮಿನದಾಗಿ ಮತ್ತೆ ಮತ್ತೆ ಹುಟ್ಟುತ್ತದೆ. ಸಿಲಿಕೋನ್ ಮೆತ್ತೆಯಿಂದ ಒತ್ತುವ ಟ್ಯಾಂಪೊ ಮುದ್ರಣ ಬಂದ ಮೇಲೆ ಅಕ್ಕಿಕಾಳಿನಷ್ಟು ಜಾಗದಲ್ಲಿ ದೂರವಾಣಿ ಸಂಖ್ಯೆಯನ್ನೂ ಅಚ್ಚು ಹಾಕುತ್ತಾರೆ. ಕಣ್ಣಿಗೆ ಹಬ್ಬ. ಆದರೆ ಈ ಹಬ್ಬವನ್ನೇ ಲೇಔಟಿಗೆ ಇಳಿಸಿದರೆ ನಿಮ್ಮ ಊರಿನಲ್ಲಿ ಎರಡು ಸರ್ಕಸ್ ಲಾರಿ, ಮೂರು ಐಸ್‌ಕ್ರೀಮ್ ವ್ಯಾನ್, ಒಂದು ರಾಜಮನೆತನದ ಕಾರು ಇರುತ್ತವೆ, ಶಾಲೆಗೆ ಹೋಗುವ ಮೇಷ್ಟರ ಕಾರು ಇರುವುದಿಲ್ಲ. ಬೂದು, ಕಪ್ಪು, ಮಾಸಲು ಹಸಿರು ಬಣ್ಣದ, ಯಾವ ಬರಹವೂ ಇಲ್ಲದ ಕಾರುಗಳನ್ನು ಮೊದಲು ಕೊಳ್ಳಿ.

ಎಷ್ಟು ಕೊಳ್ಳಬೇಕು? ನೀವು ಯಾವ ವರ್ಷವನ್ನು ಆರಿಸಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಬ್ರಿಟನ್ನಿನ 1949ರ ಹಳ್ಳಿ ನಿಲ್ದಾಣವನ್ನು ತೆಗೆದುಕೊಳ್ಳಿ. ಯುದ್ಧ ಮುಗಿದು ನಾಲ್ಕು ವರ್ಷವಾದರೂ ಪೆಟ್ರೋಲಿಗೆ ಪಡಿತರ. ಅದು ತೆರವಾದದ್ದು 1950ರ ಮೇ ತಿಂಗಳಲ್ಲಿ. ಹೊಸ ಕಾರುಗಳ ಬಹುಪಾಲು ವಿದೇಶಿ ವಿನಿಮಯಕ್ಕಾಗಿ ಹಡಗು ಹತ್ತುತ್ತಿದ್ದವು. 1951ರಲ್ಲೂ ಏಳು ಮನೆಗಳಲ್ಲಿ ಒಂದು ಮನೆಗೆ ಮಾತ್ರ ಕಾರಿತ್ತು. ಅಂಥ ನಿಲ್ದಾಣದ ಮುಂದೆ ಯುದ್ಧಪೂರ್ವದ ಒಂದು ಹಳೆಯ ಕಾರು, ವೈದ್ಯರದ್ದು ಎನ್ನೋಣ, ಒಂದು ಬಸ್ಸು ಮತ್ತು ರೈಲ್ವೆಯದೇ ಒಂದು ಲಾರಿ. ಇಷ್ಟಕ್ಕೇ ಸಾಕು. ಉಳಿದ ಜಾಗಕ್ಕೆ ಸೈಕಲ್ಲುಗಳು. ಖಾಲಿ ರಸ್ತೆ ಕಂಡರೆ ಕೈ ತುರಿಸುತ್ತದೆ, ನಿಜ. ಆದರೆ ಆ ಖಾಲಿತನವೇ ಆ ವರ್ಷದ ಚಿತ್ರ. ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟನ್‌ಹ್ಯಾಮಿನಲ್ಲಿ ಪೆಂಡನ್ ವಸ್ತುಸಂಗ್ರಹಾಲಯವಿದೆ. ಆಸ್ಟ್ರೇಲಿಯಾದಿಂದ ಬಂದ ರಾಯ್ ಇಂಗ್ಲೆಂಡ್ ಎಂಬುವರು 1954ರಲ್ಲಿ ಆರಂಭಿಸಿದ್ದು. 1930ರ ದಶಕದ ಗ್ರಾಮಾಂತರವನ್ನು 1:76ರಲ್ಲಿ ಅಲ್ಲಿ ಮರುಸೃಷ್ಟಿಸಿದ್ದಾರೆ. ಆ ಕಡೆ ಹೋದವರು ತಪ್ಪದೆ ನೋಡಿ, ನೋಡುವಾಗ ಗುಡಿಸಲುಗಳ ಹುಲ್ಲಿನ ಛಾವಣಿಯ ಜೊತೆಗೆ ರಸ್ತೆಗಳ ಮೇಲೂ ಒಂದು ಕಣ್ಣಿಡಿ.

ರೈಲ್ವೆಯದೇ ಲಾರಿ ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನಗೆ ಈ ಮೇಜಿನ ಮೇಲೆ ಅತಿ ಪ್ರಿಯವಾದದ್ದು ಅದೇ. ಬ್ರಿಟನ್ನಿನ ರೈಲು ಕಂಪನಿಗಳು ಸರಕನ್ನು ನಿಲ್ದಾಣದವರೆಗೆ ತಂದು ಕೈ ತೊಳೆದುಕೊಳ್ಳುತ್ತಿರಲಿಲ್ಲ. ಅಂಗಡಿಯ ಬಾಗಿಲಿಗೇ ಮುಟ್ಟಿಸುತ್ತಿದ್ದವು. ಅದಕ್ಕಾಗಿ ಸಾವಿರಾರು ಕುದುರೆಗಳನ್ನು ಸಾಕಿದ್ದವು. ಸರಕಿನ ಅಂಗಳಗಳೆಲ್ಲ ಕುದುರೆ ಗಾಡಿ ತಿರುಗುವಷ್ಟೇ ಅಗಲ. ಅಲ್ಲಿ ಸಾಮಾನ್ಯ ಲಾರಿ ತಿರುಗಲಾರದು. 1933ರಲ್ಲಿ ಸ್ಕ್ಯಾಮಲ್ ಕಂಪನಿ ಮೂರು ಚಕ್ರದ ಒಂದು ಎಳೆಯುವ ವಾಹನವನ್ನು ತಂದಿತು. ಹೆಸರೇ ಮೆಕ್ಯಾನಿಕಲ್ ಹಾರ್ಸ್. ಮುಂದೆ ಒಂದೇ ಚಕ್ರ, ನಿಂತಲ್ಲೇ ಎಂಬಂತೆ ತಿರುಗುತ್ತದೆ. ಹಿಂದಕ್ಕೆ ಬಂದು ಟ್ರೈಲರಿನ ಕೆಳಗೆ ನುಸುಳಿದರೆ ತಾನಾಗಿಯೇ ಕೊಂಡಿ ಬೀಳುತ್ತದೆ. 1948ರಲ್ಲಿ ಅದರ ತಮ್ಮ ಸ್ಕ್ಯಾರಬ್ ಬಂತು, ಮೂತಿ ಸ್ವಲ್ಪ ದುಂಡಗೆ. ಆಕ್ಸ್‌ಫರ್ಡ್ ಎರಡನ್ನೂ ಮಾಡಿದೆ. ಮೂತಿ ನೋಡಿದರೆ ಸಾಕು, ನಿಮ್ಮ ದೃಶ್ಯ ಯುದ್ಧದ ಮೊದಲಿನದೋ ನಂತರದ್ದೋ ಎಂಬ ಸುಳಿವು ಸಿಗುತ್ತದೆ. ಟ್ರೈಲರಿನ ಬಣ್ಣ ಇನ್ನೂ ನಿಖರ: ನಾಲ್ಕು ದೊಡ್ಡ ಕಂಪನಿಗಳಲ್ಲಿ ಒಂದರ ಹೆಸರಿದ್ದರೆ ರಾಷ್ಟ್ರೀಕರಣವಾದ 1948ರ ಜನವರಿ 1ಕ್ಕಿಂತ ಹಿಂದಿನದು, ಅಥವಾ ಹೊಸ ಬಣ್ಣ ಬಳಿಯಲು ಇನ್ನೂ ಸರದಿ ಬಾರದ ಗಾಡಿ. ನಿಜವಾದ ಕುದುರೆಗಳೂ ತಕ್ಷಣ ಮಾಯವಾಗಲಿಲ್ಲ. ನ್ಯೂಮಾರ್ಕೆಟ್ ನಿಲ್ದಾಣದಲ್ಲಿ ವ್ಯಾಗನ್ನುಗಳನ್ನು ಎಳೆಯುತ್ತಿದ್ದ ಚಾರ್ಲಿ ಎಂಬ ಕುದುರೆ 1967ರವರೆಗೂ ನೌಕರಿಯಲ್ಲಿತ್ತು. ಡೀಸೆಲ್ ಎಂಜಿನ್ನಿನ ಪಕ್ಕ ಕುದುರೆ ನಿಲ್ಲಿಸಿದರೆ ಯಾರಾದರೂ ನಕ್ಕಾರು. ಆಗ ಚಾರ್ಲಿಯ ಹೆಸರು ಹೇಳಿ.

ನಂಬರ್ ಪ್ಲೇಟುಗಳನ್ನೂ ಓದುವ ಅಭ್ಯಾಸ ಮಾಡಿಕೊಳ್ಳಿ. ಬ್ರಿಟನ್ನಿನಲ್ಲಿ 1963ರಿಂದ ನಂಬರಿನ ಕೊನೆಯಲ್ಲಿ ವರ್ಷ ಸೂಚಿಸುವ ಅಕ್ಷರ ಬಂತು. ಮುಂದೆ ಬಿಳಿ, ಹಿಂದೆ ಹಳದಿ ಇರುವ ಹೊಳೆಯುವ ಪ್ಲೇಟು ಹೊಸ ವಾಹನಗಳಿಗೆ ಕಡ್ಡಾಯವಾದದ್ದು 1973ರಲ್ಲಿ. ಅದಕ್ಕೂ ಮೊದಲು ಕಪ್ಪು ಫಲಕ. ಭೂತಗನ್ನಡಿ ಹಿಡಿದು ಓದುವಷ್ಟು ಚಿಕ್ಕದಾದರೂ ತಯಾರಕರು ಇದನ್ನು ಮುದ್ರಿಸಿರುತ್ತಾರೆ. ಓದುವವರೂ ಇರುತ್ತಾರೆ. ಇಲ್ಲೇ ಎರಡನೆಯ ಸಾಲಿನಲ್ಲಿ ಒಬ್ಬರು ಕುಳಿತಿದ್ದಾರೆ.

ಕೊಂಡಾಯಿತು. ಮುಂದೆ? ಪೆಟ್ಟಿಗೆಯಿಂದ ತೆಗೆದ ಕಾರನ್ನು ಹಾಗೇ ಇಟ್ಟರೆ ಆಟಿಕೆಯಾಗಿಯೇ ಕಾಣುತ್ತದೆ. ಮುಖ್ಯ ಕಾರಣ ಹೊಳಪು. ನಿಜವಾದ ಕಾರನ್ನು ನೂರಡಿ ದೂರದಿಂದ ನೋಡಿದಾಗ ಅಷ್ಟು ಮಿಂಚುವುದಿಲ್ಲ. ಮ್ಯಾಟ್ ವಾರ್ನಿಶ್ ಒಂದು ಕೈ ಸಿಂಪಡಿಸಿ. ಮೊದಲು ಗಾಜುಗಳಿಗೆ ಮರೆ ಕಟ್ಟಿ. ಟೈರಿಗೆ ಕಪ್ಪಲ್ಲ, ಗಾಢ ಬೂದು. ಚಕ್ರದ ಮೇಲ್ಭಾಗದ ಕಮಾನಿಗೆ ತೆಳುವಾಗಿ ಕೆಸರು ಬಣ್ಣ. ಅಡಿಯ ಫಲಕವನ್ನು ಹಿಡಿದಿರುವ ರಿವೆಟ್ಟನ್ನು ಡ್ರಿಲ್ಲಿನಿಂದ ತೆಗೆದರೆ ಒಳಗೆ ಚಾಲಕನನ್ನು ಕೂರಿಸಬಹುದು. ಸೊಂಟದ ಕೆಳಗೆ ಕತ್ತರಿಸದೆ ಅವನು ಹಿಡಿಸುವುದಿಲ್ಲ. ಹೀಗೆ ಕಾರ್ಖಾನೆಯ ಮಾದರಿಯನ್ನು ಅನುಮತಿ ಇಲ್ಲದೆ ಬದಲಿಸಿದ್ದನ್ನು ಸಂಗ್ರಾಹಕರು ಮೂರನೆಯ ಕೋಡಿನದು ಎಂದು ವರ್ಗೀಕರಿಸುತ್ತಾರೆ, ಬೆಲೆ ಬಿದ್ದುಹೋಗುತ್ತದೆ. ಬೀಳಲಿ.

ನಿಲ್ಲಿಸುವ ಜಾಗದ ಬಗ್ಗೆ ನನ್ನದೊಂದು ಹಠವಿದೆ. ಲೇಔಟಿನಲ್ಲಿ ರೈಲು ಓಡುತ್ತದೆ, ರಸ್ತೆ ಹೆಪ್ಪುಗಟ್ಟಿರುತ್ತದೆ. ನಡುರಸ್ತೆಯಲ್ಲಿ ಓಡುವ ಭಂಗಿಯಲ್ಲಿ ನಿಂತ ಕಾರನ್ನು ಕಣ್ಣು ಹತ್ತು ಸೆಕೆಂಡು ಕ್ಷಮಿಸುತ್ತದೆ, ಅಷ್ಟೆ. ಆದ್ದರಿಂದ ವಾಹನ ನಿಂತಿರಲು ಒಂದು ಕಾರಣ ಕೊಡಿ: ಮುಚ್ಚಿದ ಲೆವೆಲ್ ಕ್ರಾಸಿಂಗ್ ಗೇಟು, ಬಸ್ ನಿಲ್ದಾಣ, ಸರಕು ಇಳಿಸುತ್ತಿರುವ ಗೋದಾಮು, ಬಾನೆಟ್ ಎತ್ತಿದ ಗ್ಯಾರೇಜು. ಸೇತುವೆಯ ಮೇಲೊಂದು ಬಸ್ಸು ನಿಲ್ಲಿಸುವುದು ಬ್ರಿಟಿಷ್ ಲೇಔಟುಗಳಲ್ಲಿ ನಗೆಪಾಟಲಾಗುವಷ್ಟು ಸವಕಲಾಗಿದೆ. ರೈಲು ದೃಶ್ಯದಿಂದ ಹೊರಗೆ ಹೋಗುವ ತೂತನ್ನು ಸೇತುವೆ ಮರೆಮಾಡುತ್ತದೆ, ಸೇತುವೆ ಬೋಳಾಗಿ ಕಂಡಿತೆಂದು ಬಸ್ಸು ಬರುತ್ತದೆ. ವಾಹನ ಓಡಲೇಬೇಕೆನ್ನುವವರಿಗೆ ಜರ್ಮನಿಯ ಫಾಲರ್ ಕಂಪನಿ 1989ರಲ್ಲಿ ಒಂದು ದಾರಿ ತೋರಿಸಿತು: ರಸ್ತೆಯೊಳಗೆ ಹುದುಗಿಸಿದ ಕಬ್ಬಿಣದ ತಂತಿ, ವಾಹನದ ಮುಂದಿನ ಚಕ್ರಗಳ ಅಚ್ಚಿನ ಬಳಿ ಅಯಸ್ಕಾಂತ, ಒಳಗೆ ಪುಟ್ಟ ಬ್ಯಾಟರಿ. ಹ್ಯಾಂಬರ್ಗಿನ ಮಿನಿಯಾಟುರ್ ವುಂಡರ್‌ಲಾಂಡ್ ಎಂಬ ಮಾದರಿ ರೈಲು ಪ್ರದರ್ಶನದಲ್ಲಿ ಇದೇ ತತ್ವವನ್ನು ಕಂಪ್ಯೂಟರಿಗೆ ಜೋಡಿಸಿ ಇಡೀ ಊರಿನ ಸಂಚಾರವನ್ನೇ ನಡೆಸುತ್ತಾರೆ. ಅದಕ್ಕೆ ಹಗುರವಾದ ಪ್ಲಾಸ್ಟಿಕ್ ವಾಹನಗಳೇ ಬೇಕು. ನಮ್ಮ ಸತುವಿನ ಭಾರದ ಬಸ್ಸುಗಳು ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಉಪಾಯ, ದೂರದ ಭ್ರಮೆಗೆ. ಆಕ್ಸ್‌ಫರ್ಡ್ ಎನ್ ಗೇಜಿಗಾಗಿ 1:148ರಲ್ಲೂ ವಾಹನಗಳನ್ನು ಮಾಡುತ್ತದೆ, ಓಓದ ಬಹುತೇಕ ಅರ್ಧ. ಅದೇ ಕಾರನ್ನು ಎರಡೂ ಅಳತೆಯಲ್ಲಿ ಕೊಂಡು, ದೊಡ್ಡದನ್ನು ಮುಂದೆ, ಚಿಕ್ಕದನ್ನು ಹಿಂದಿನ ಗೋಡೆಯ ಚಿತ್ರದ ಹತ್ತಿರದ ಗುಡ್ಡದ ರಸ್ತೆಯಲ್ಲಿ ಇಡಿ. ಎರಡು ಅಡಿಯ ಹಲಗೆ ಅರ್ಧ ಮೈಲಿಯಾಗುತ್ತದೆ. ನಡುವೆ ಮರವೋ ಬೇಲಿಯೋ ಇರಲಿ, ಎರಡೂ ಒಟ್ಟಿಗೆ ನೇರ ಕಣ್ಣಿಗೆ ಬೀಳಬಾರದು.

ಈಗ ಕಾಯಿಲೆಯ ವಿಷಯ. ಹಳೆಯ ಡಿಂಕಿ ಕೊಳ್ಳುವವರು ದಯವಿಟ್ಟು ಕಿವಿಗೊಡಿ. ಡೈಕಾಸ್ಟಿಗೆ ಬಳಸುವ ಮಿಶ್ರಲೋಹದಲ್ಲಿ ಸತುವೇ ಹೆಚ್ಚು, ನೂರಕ್ಕೆ ಸುಮಾರು ನಾಲ್ಕು ಪಾಲು ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ, ತಾಮ್ರ. ಸತು ಅತ್ಯಂತ ಶುದ್ಧವಾಗಿರಬೇಕು. ಅದರಲ್ಲಿ ಸೀಸದ ಸೋಂಕು ಸೇರಿದರೆ ಲೋಹದ ಹರಳುಗಳ ಸಂದಿನಲ್ಲಿ ತುಕ್ಕು ಹಬ್ಬುತ್ತದೆ. ಆಟಿಕೆ ಕಾರ್ಖಾನೆಗಳಲ್ಲಿ ಸೀಸವೂ ಪಕ್ಕದಲ್ಲೇ ಕರಗುತ್ತಿದ್ದ ಕಾಲ ಅದು. ಯುದ್ಧಪೂರ್ವದ ಎಷ್ಟೋ ಡಿಂಕಿಗಳು ಹೀಗೆ ಕೆಟ್ಟವು. ಮೊದಲು ಬಣ್ಣದಲ್ಲಿ ಕೂದಲೆಳೆಯ ಬಿರುಕು, ಆಮೇಲೆ ಒಡಲು ಉಬ್ಬಿ ಬಾಗುವುದು, ಕೊನೆಗೆ ಬಿಸ್ಕತ್ತಿನಂತೆ ಪುಡಿ. ಇದಕ್ಕೆ ಮದ್ದಿಲ್ಲ. ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆಂದು ಹೇಳುವವರಿದ್ದಾರೆ. ಅದು ಸುಳ್ಳು, ದೋಷ ಹುಟ್ಟಿನಿಂದಲೇ ಲೋಹದೊಳಗಿರುತ್ತದೆ. ಬಿಸಿಲೂ ತೇವವೂ ಅದನ್ನು ಬೇಗ ಎಬ್ಬಿಸುತ್ತವೆ. ಕರಾವಳಿಯ ಮಿತ್ರರು ಇದನ್ನು ವಿಶೇಷವಾಗಿ ನೆನಪಿಡಿ: ಅಟ್ಟದ ಮೇಲಿನ ಪೆಟ್ಟಿಗೆಗಿಂತ ಮನೆಯ ಒಳಗಿನ ಒಣ ಕಪಾಟು ಮೇಲು. ಹಳೆಯ ಕಾಲದ ರೋಗವೆಂದು ನಿಶ್ಚಿಂತರಾಗಬೇಡಿ, ಇತ್ತೀಚಿನ ದಶಕಗಳ ಕೆಲವು ಎಂಜಿನ್ನುಗಳ ಚಾಸಿಗಳೂ ಹೀಗೇ ಬಿರುಕು ಬಿಟ್ಟಿವೆ. ಇನ್ನೊಂದು ಸಣ್ಣ ಕಾಟ: ಮೆತ್ತನೆಯ ಟೈರುಗಳಲ್ಲಿರುವ ರಾಸಾಯನಿಕ ಪ್ಲಾಸ್ಟಿಕ್ ಪೀಠವನ್ನು ನಿಧಾನವಾಗಿ ಕರಗಿಸುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಡುವುದಾದರೆ ಚಕ್ರದ ಕೆಳಗೆ ಕಾಗದದ ಚೂರು ಇರಲಿ.

ನಮ್ಮ ದೇಶದ ದೃಶ್ಯ ಕಟ್ಟುವವರ ಕಷ್ಟ ಬೇರೆ ರೀತಿಯದು. ಭಾರತಕ್ಕೂ ಡೈಕಾಸ್ಟಿಗೂ ಹಳೆಯ ನಂಟಿದೆ. ಡಿಂಕಿಯ ಹಳೆಯ ಅಚ್ಚುಗಳು ಕಲ್ಕತ್ತಕ್ಕೆ ಬಂದು ನಿಕ್ಕಿ ಟಾಯ್ಸ್ ಎಂಬ ಹೆಸರಿನಲ್ಲಿ ಮಾರಾಟವಾದದ್ದುಂಟು. ಆದರೆ ಅವು ದೊಡ್ಡ ಅಳತೆಯವು. ಓಓದಲ್ಲಿ ನಮಗೆ ಒದಗುವುದು ಬ್ರಿಟಿಷ್ ಸಂಬಂಧ. ಮಾರಿಸ್ ಮೈನರ್ ಇಲ್ಲಿ ಬೇಬಿ ಹಿಂದುಸ್ತಾನ್ ಆಗಿತ್ತು. ಟ್ರಯಂಫ್ ಹೆರಾಲ್ಡ್ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. ಲೇಲ್ಯಾಂಡ್ ಟೈಟನ್ ಡಬಲ್ ಡೆಕರ್ ಬಸ್ಸನ್ನು ಇಎಫ್‌ಇ ಮಾಡಿದೆ. ಅಶೋಕ್ ಲೇಲ್ಯಾಂಡ್ ಟೈಟನ್ ಅದರ ಬಳಗದ್ದೇ. ಇವೆಲ್ಲಕ್ಕಿಂತ ದೊಡ್ಡ ಅನುಕೂಲ, ಸ್ಟಿಯರಿಂಗ್ ಬಲಗಡೆ ಇದೆ. ಜರ್ಮನಿಯ 1:87ರ ಮಾದರಿಗಳಲ್ಲಿ 1950ರ ದಶಕದ ಮರ್ಸಿಡಿಸ್ ಲಾರಿಗಳು ಸಿಗುತ್ತವೆ, 1954ರಲ್ಲಿ ಟಾಟಾ ಕೈಗೆತ್ತಿಕೊಂಡ ಲಾರಿಗಳ ಮೂಲ ವಂಶ ಅದು. ಆದರೆ ಸ್ಟಿಯರಿಂಗ್ ಎಡಗಡೆ. ಕ್ಯಾಬಿನ್ ಬಿಚ್ಚಿ ಬದಲಿಸಬೇಕು, ಇಲ್ಲವೇ ಗಾಜನ್ನು ಧೂಳಾಗಿಸಿ ಮರೆಸಬೇಕು. ಪುಣೆಯಲ್ಲಿ 1998ರಿಂದ ಇರುವ ಜೋಶಿಯವರ ಮಿನಿಯೇಚರ್ ರೈಲ್ವೆ ಸಂಗ್ರಹಾಲಯವೂ 1:87ರದೇ.

ಹಳಿಯ ಲೆಕ್ಕವೂ ನಮ್ಮಲ್ಲಿ ಬೇರೆ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜಿಗೆ ಎಚ್‌ಓದಲ್ಲಿ 19 ಮಿ.ಮೀ. ಮೀರಿದ ಹಳಿ ಬೇಕು, ಅಂಗಡಿಯಲ್ಲಿ ಸಿಗುವುದು 16.5. ಹಳೆಯ ಬೆಂಗಳೂರು–ಮೈಸೂರು ಮಾರ್ಗದ ಮೀಟರ್‌ಗೇಜನ್ನು ಮಾಡಿನೋಡಿ! ಒಂದು ಮೀಟರ್ 1:87ರಲ್ಲಿ 11.5 ಮಿ.ಮೀ.; ಸ್ವಿಸ್ ಪರ್ವತ ರೈಲುಗಳಿಗಾಗಿ ತಯಾರಾಗುವ 12 ಮಿ.ಮೀ. ಹಳಿ ಹೆಚ್ಚು ಕಡಿಮೆ ಸರಿಹೋಗುತ್ತದೆ. ಆಮೇಲೆ ರಸ್ತೆಗೆ 1:87ರ ವಾಹನವನ್ನೇ ಹಾಕಿ. 1:76ರ ಬಸ್ಸನ್ನು ಮೀಟರ್‌ಗೇಜ್ ಬೋಗಿಯ ಪಕ್ಕ ನಿಲ್ಲಿಸಿದರೆ ಬಸ್ಸೇ ರೈಲನ್ನು ನುಂಗಿದಂತೆ ಕಾಣುತ್ತದೆ.

ಬೆಲೆಯ ಮಾತನ್ನೂ ಹೇಳಬೇಕು. ಸುಂಕದ ಪಟ್ಟಿಯಲ್ಲಿ ಆಟಿಕೆಗಳೂ ಅಳತೆಯ ಮಾದರಿಗಳೂ ಒಂದೇ ಶೀರ್ಷಿಕೆಯಡಿ ಬರುತ್ತವೆ. 2020ರ ಬಜೆಟ್ಟಿನಲ್ಲಿ ಆಮದು ಸುಂಕ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಅರವತ್ತು ದಾಟಿದ ನಮ್ಮಂಥವರನ್ನು ಸರ್ಕಾರ ಮಕ್ಕಳೆಂದು ಪರಿಗಣಿಸಿರುವುದು ಸಂತೋಷವೇ, ಬಿಲ್ಲು ನೋಡುವವರೆಗೆ. ವಿದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ಕಾಲುಚೀಲದೊಳಗೆ ಎರಡು ಕಾರು ಸುತ್ತಿ ತರುವ ಪದ್ಧತಿ ಇದರಿಂದಲೇ ಬೆಳೆದದ್ದು.

ಉಪನ್ಯಾಸದ ನಂತರ ಕೆಲವರು ಪ್ರಶ್ನೆ ಕೇಳಿದರು. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಹಾಟ್ ವೀಲ್ಸ್ ಆಗುವುದಿಲ್ಲವೇ ಎಂಬುದು ಮೊದಲನೆಯದು. ಅವು ಹೆಚ್ಚಿನವು 1:64ರ ಸುತ್ತಮುತ್ತ, ಓಓಗಿಂತ ಸುಮಾರು ಶೇ 20 ದೊಡ್ಡವು, ಜೊತೆಗೆ ಚಕ್ರಗಳು ಅತಿ ಅಗಲ. ಎಸ್ ಗೇಜ್ ಇಟ್ಟವರಿಗೆ ಮಾತ್ರ ಅಳತೆ ಸರಿಹೋಗುತ್ತದೆ. ಗುಜರಿ ಅಂಗಳದಲ್ಲಿ ಚಕ್ರ ಕಿತ್ತು ಒಂದರ ಮೇಲೊಂದು ಪೇರಿಸುವುದಾದರೆ ಆಗಬಹುದು.

ಅಂಬಾಸಡರ್ ನಿಲ್ಲಿಸಿದರೆ ಕಾಲ ಗೊತ್ತಾಗುತ್ತದೆಯೇ ಎಂದು ಇನ್ನೊಬ್ಬರು ಕೆಣಕಿದರು. ಒಪ್ಪಿಕೊಳ್ಳಬೇಕಾದ ಮಾತು. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಆ ಒಡಲು 2014ರವರೆಗೆ ಉತ್ತರಪಾರಾದಲ್ಲಿ ತಯಾರಾಗುತ್ತಲೇ ಇತ್ತು. ನನ್ನ ನಾಣ್ಯದ ವಾದ ಅದರ ಮುಂದೆ ಸೋಲುತ್ತದೆ. ಮುಂಭಾಗದ ಜಾಲರಿಯ ಆಕಾರ ನೋಡಿ ಸ್ವಲ್ಪ ಹಿಡಿಯಬಹುದು. ಅದಕ್ಕಿಂತ ಸುಲಭವಾದದ್ದು ಪಕ್ಕದಲ್ಲಿ ಮಾರುತಿ 800 ಇದೆಯೋ ಇಲ್ಲವೋ ನೋಡುವುದು. ಅದು ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ನಂಬರ್ ಪ್ಲೇಟಿನಲ್ಲಿ ಕೆಎ ಎಂದಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ ನಂತರದ ದೃಶ್ಯ.

ಕೊನೆಯ ಪ್ರಶ್ನೆ ಆಟೋರಿಕ್ಷಾದ್ದು. ಕೊಳ್ಳಲು ಹುಡುಕುತ್ತ ಕೂರುವ ಬದಲು ನೀವೇ ಮಾಡಿ. ನಿಜವಾದದ್ದು ಸುಮಾರು 2.6 ಮೀಟರ್ ಉದ್ದ, 1.3 ಮೀಟರ್ ಅಗಲ. ಎಚ್‌ಓದಲ್ಲಿ 30 ಮಿ.ಮೀ., 15 ಮಿ.ಮೀ. ತ್ರೀಡಿ ಮುದ್ರಣದವರಿಗೆ ಚಿತ್ರ ಕೊಟ್ಟರೆ ಮಾಡಿಕೊಡುತ್ತಾರೆ. ಮೇಲ್ಛಾವಣಿಯನ್ನು ಬೇರೆಯಾಗಿ ತೆಗೆಸಿಕೊಳ್ಳಿ, ಚಾಲಕನನ್ನು ಕೂರಿಸಲು ಅನುಕೂಲ. ಒಂದೆರಡಲ್ಲ, ಹತ್ತು ಹನ್ನೆರಡು ಒಟ್ಟಿಗೆ ಮಾಡಿಸಿ, ಏಕೆಂದರೆ ಒಂದೇ ಆಟೋ ನಿಂತಿರುವ ನಿಲ್ದಾಣ ನಮ್ಮಲ್ಲಿ ಯಾರೂ ನಂಬುವುದಿಲ್ಲ. ಬಣ್ಣ ಹಳದಿ–ಕಪ್ಪೋ ಹಳದಿ–ಹಸಿರೋ ಎಂಬುದನ್ನು ನಿಮ್ಮ ವರ್ಷ ನೋಡಿಕೊಂಡು ಬಳಿಯಿರಿ.